ಬಕೆಟ್ಟಾ, ಟಾರ್ಚಾ, ಕಿವಿಯಾ? ಕಪ್ಪೆ, ಹಾವು, ಓತಿ ಎಣಿಸಲು ಯಾವ ದಾರಿ ಒಳ್ಳೇದು

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾವು ಹತ್ತು ಬಕೆಟ್ ಹೂತಿದ್ದೆವು. 20 ಲೀಟರಿನ ಖಾಲಿ ಪೇಂಟ್ ಡಬ್ಬಗಳು. ಬಾಯಿ ನೆಲಕ್ಕೆ ಸಮ, ಮೇಲೆ ಮೂರು ಕಲ್ಲಿನ ಮೇಲೆ ಒಂದೊಂದು ಹೆಂಚು, ಡಬ್ಬದಿಂದ ಡಬ್ಬಕ್ಕೆ ಪ್ಲಾಸ್ಟಿಕ್ ಶೀಟಿನ ಗಿಡ್ಡ ಬೇಲಿ. ನೆಲದ ಮೇಲೆ ಓಡಾಡುವ ಕಪ್ಪೆ, ಹಾವುರಾಣಿ ಬೇಲಿಗೆ ತಾಗಿ, ಅದರ ಉದ್ದಕ್ಕೂ ಹೋಗಿ, ಡಬ್ಬಕ್ಕೆ ಬೀಳಬೇಕು. ಬೆಳಿಗ್ಗೆ ಹೋಗಿ ಎಣಿಸಿ ಬಿಟ್ಟುಬಿಡೋದು. ಲೆಕ್ಕ ಸರಿಯಾಗೇ ಇತ್ತು.

ಆ ರಾತ್ರಿ ಮೃಗಶಿರ ಮಳೆ ಹಿಡಿಯಿತು. ಬೆಳಿಗ್ಗೆ ನೋಡಿದರೆ ಏಳು ಡಬ್ಬ ನೆಲದಿಂದ ಎದ್ದು, ಒಂದೊಂದು ಒಂದೊಂದು ಕಡೆ ವಾಲಿ ನಿಂತಿದ್ದವು. ಕೆಳಗಿನಿಂದ ಒರತೆ ನೀರು ಎತ್ತಿ ಹಾಕಿತ್ತು. ಎಂಟನೇ ಡಬ್ಬದ ಅಂಚಿನಲ್ಲಿ ಒಂದು ಮರಗಪ್ಪೆ ಆರಾಮಾಗಿ ಕೂತಿತ್ತು. ಒಳಗೆ ಬಿದ್ದು ಹತ್ತಿ ಬಂದಿದ್ದೋ, ಸುಮ್ನೆ ನೋಡಲು ಬಂದಿದ್ದೋ ಗೊತ್ತಿಲ್ಲ. ಅಡಿಗೆ ತೂತು ಕೊರೆದು ಮತ್ತೆ ಹೂತೆವು. ಈ ಸಲ ಡಬ್ಬ ಏಳಲಿಲ್ಲ. ಬದಲಿಗೆ ತೂತಿನಿಂದಲೇ ನೀರು ನುಗ್ಗಿ ಡಬ್ಬ ಬಾವಿಯಾಗಿತ್ತು. ಅದರಲ್ಲಿ ಒಂದು ಸೊಂಡಿಲಿ ಸತ್ತು ತೇಲುತ್ತಿತ್ತು. ಅವತ್ತೇ ಎಲ್ಲ ಕಿತ್ತೆವು.

ತಪ್ಪು ಡಬ್ಬದ್ದಲ್ಲ, ನಮ್ಮದು. ಮರಳುಗಾಡಿನಲ್ಲಿ ಸರ್ವೆ ಮಾಡುವವರ ಕ್ರಮ ಓದಿ, ಅದನ್ನು ಹಾಗೇ ಮಲೆನಾಡಿಗೆ ಇಳಿಸಿದ್ದೆವು. ಅದೇ ಡಬ್ಬಗಳನ್ನು ಮುಂದೆ ಅರಸೀಕೆರೆ ಕಡೆಯ ಒಂದು ಕುರುಚಲು ಕಾವಲಿನಲ್ಲಿ ಹೂತಾಗ ಚೆನ್ನಾಗಿ ಕೆಲಸ ಮಾಡಿದವು. ಅರಸೀಕೆರೆಯಿಂದ ಬೇಲೂರು, ಮೂಡಿಗೆರೆ ಹಾದು ಕೊಟ್ಟಿಗೆಹಾರಕ್ಕೆ ನೂರು ಕಿಲೋಮೀಟರ್ ಆಚೀಚೆ. ಒಂದೇ ರಸ್ತೆ. ತೆಂಗಿನ ತೋಟ, ಜಾಲಿ, ಕಲ್ಲುಗುಡ್ಡದಿಂದ ಹೊರಟು ಊಟದ ಹೊತ್ತಿಗೆ ಚಾರ್ಮಾಡಿಯ ಮಂಜಿನೊಳಗೆ ಇರುತ್ತೀರಿ. ಈ ಎರಡು ತುದಿಗೂ ಒಂದೇ ವಿಧಾನ ಹೊಂದುತ್ತೆ ಅಂದುಕೊಂಡರೆ ನಮ್ಮ ಹಾಗೆ ಡಬ್ಬ ಕೀಳಬೇಕಾಗುತ್ತದೆ.

"ನಮ್ಮ ತೋಟದಲ್ಲಿ ಎಷ್ಟು ಬಗೆ ಇವೆ ನೋಡಬೇಕು, ಹೇಗೆ ಮಾಡೋದು?" ಅಂತ ಈಚೆಗೆ ಜಾಸ್ತಿ ಜನ ಕೇಳುತ್ತಾರೆ. ಅವರಿಗಾಗಿ ಇದು.

ಮೊದಲು ನಿಮಗೆ ಏನು ಬೇಕು ಹೇಳಿ

ಏನೇನಿದೆ ಅಂತ ಪಟ್ಟಿ ಬೇಕಾ? ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಬೇಕಾ? ಅಥವಾ ಒಂದೇ ಒಂದು ಜೀವಿಯನ್ನು ಹುಡುಕಬೇಕಾ? ಮೂರೂ ಬೇರೆ ಬೇರೆ ಕೆಲಸ.

ಪಟ್ಟಿಗೆ ಕಟ್ಟುಪಾಡು ಕಡಿಮೆ. ಕಲ್ಲು ಮಗುಚಿ, ಮರ ನೋಡಿ, ಕೆಲಸದವರನ್ನು ಕೇಳಿ, ಎಲ್ಲ ನಡೆಯುತ್ತದೆ. ಹೋಲಿಕೆ ಬೇಕು ಅಂದರೆ ಮಾತ್ರ ಶಿಸ್ತು ಬೇಕು. ಎಷ್ಟು ಜನ, ಎಷ್ಟು ಹೊತ್ತು, ಯಾವ ದಾರಿ, ಮಳೆ ಇತ್ತಾ ಇಲ್ಲವಾ, ಎಲ್ಲ ಬರೆಯಬೇಕು. ಇಬ್ಬರು ಒಂದು ಗಂಟೆ ಹುಡುಕಿದರೆ ಎರಡು ಗಂಟೆಯ ದುಡಿಮೆ ಅಂತ ಲೆಕ್ಕ. "ಹನ್ನೆರಡು ಕಪ್ಪೆ ಸಿಕ್ಕವು" ಅನ್ನೋದಕ್ಕೆ ಅರ್ಥವಿಲ್ಲ. "ಎರಡು ಗಂಟೆಯ ದುಡಿಮೆಗೆ ಹನ್ನೆರಡು" ಅಂದರೆ ಮುಂದಿನ ವರ್ಷ ಪಕ್ಕದಲ್ಲಿಟ್ಟು ನೋಡಬಹುದು. ಏನೂ ಸಿಗದ ರಾತ್ರಿಯನ್ನೂ ಬರೆಯಿರಿ. ಜನ ಅದನ್ನೇ ಬಿಟ್ಟುಬಿಡುತ್ತಾರೆ.

ಬಕೆಟ್ ಮತ್ತು ಬೇಲಿ

ಈ ವಿಧಾನಕ್ಕೆ ತಕ್ಕ ಜಾಗ ಯಾವುದು ಅಂತ ನೋಡಲು ಮರಳುಗಾಡಿಗೇ ಹೋಗಬೇಕು. ರಾಜಸ್ಥಾನದ ಜೈಸಲ್ಮೇರ್, ಬಾರ್ಮೇರ್ ಜಿಲ್ಲೆಗಳಲ್ಲಿ ಹರಡಿರುವ ಡೆಸರ್ಟ್ ನ್ಯಾಷನಲ್ ಪಾರ್ಕ್ 3,162 ಚದರ ಕಿಲೋಮೀಟರ್. ಅಲ್ಲಿ ಮರ ಹತ್ತುವ ಪ್ರಾಣಿ ಕಡಿಮೆ. ಎಲ್ಲವೂ ನೆಲದ ಮೇಲೆ, ಇಲ್ಲವೇ ಮರಳೊಳಗೆ. ಅಗೆಯೋದು ಸುಲಭ, ನೀರು ಏಳುವ ಭಯವಿಲ್ಲ. ಅಲ್ಲಿನ ತಲೆನೋವು ಬಿಸಿಲು. ಹತ್ತು ಗಂಟೆ ದಾಟಿದ ಮೇಲೆ ಡಬ್ಬದಲ್ಲಿ ಉಳಿದ ಹಲ್ಲಿ ಬೆಂದೇ ಹೋಗುತ್ತದೆ. ಅದಕ್ಕೇ ನೆರಳಿನ ಮುಚ್ಚಳ ಬೇಕು, ಸೂರ್ಯ ಏರುವ ಮೊದಲೇ ಒಂದು ಸುತ್ತು ಮುಗಿಸಬೇಕು.

ಅಲ್ಲಿ ಇನ್ನೊಂದು ಸೌಲಭ್ಯ ಇದೆ, ನಮಗಿಲ್ಲ. ರಾತ್ರಿ ಯಾರು ಓಡಾಡಿದರು ಅಂತ ಬೆಳಿಗ್ಗೆ ಮರಳೇ ಹೇಳುತ್ತದೆ. ಗರಗಸ ಮಂಡಲದ ಹಾವು ಪಕ್ಕಕ್ಕೆ ಜಾರಿ ಹೋದ ಕಡೆ ಓರೆ ಗೆರೆಗಳ ಸಾಲು ಉಳಿದಿರುತ್ತದೆ. ಮುಳ್ಳುಬಾಲದ ಓತಿ, ಅಲ್ಲಿಯವರು ಸಾಂಡಾ ಅನ್ನುತ್ತಾರೆ, ಅದನ್ನು ಹಿಡಿಯುವ ಗೋಜಿಗೇ ಹೋಗಬೇಕಿಲ್ಲ. ಬಿಲ ಎಣಿಸಿದರೆ ಒಂದು ಅಂದಾಜು ಬರುತ್ತದೆ. ಚಳಿಗಾಲದಲ್ಲಿ ಅದು ಬಿಲ ಮುಚ್ಚಿಕೊಂಡು ಒಳಗೇ ಮಲಗುವುದರಿಂದ ಆಗ ಹೋದರೆ ಪ್ರಯೋಜನವಿಲ್ಲ. ಕಪ್ಪೆಗಳು ಅಲ್ಲಿ ಮಳೆ ಬಿದ್ದ ಕೆಲವೇ ದಿನ ಹೊರಗೆ ಬಂದು, ಮೊಟ್ಟೆಯಿಟ್ಟು, ಮತ್ತೆ ಮಣ್ಣಿಗೆ ಇಳಿಯುತ್ತವೆ. ಆ ದಿನಗಳು ತಪ್ಪಿದರೆ "ಇಲ್ಲಿ ಕಪ್ಪೆಯೇ ಇಲ್ಲ" ಅಂತ ಬರೆದುಕೊಂಡು ಬರಬೇಕು.

ನಮ್ಮಲ್ಲಿ ಇದಕ್ಕೆ ಹತ್ತಿರ ಬರೋದು ಅರಸೀಕೆರೆ, ಕಡೂರು, ಅಜ್ಜಂಪುರದ ಕಡೆ. ಮರಳುಗಾಡು ಅಲ್ಲ, ಆದರೆ ಒಣ ನೆಲ, ತೆರೆದ ಬಯಲು. ಅಲ್ಲಿ ಡಬ್ಬ ಬಳಸಬಹುದು. ಹಾವುರಾಣಿ, ನೆಲದ ಹಲ್ಲಿ, ಮಳೆ ಬಿದ್ದ ಮರುದಿನ ಮಣ್ಣಿನೊಳಗಿನ ಗುಂಡು ಕಪ್ಪೆಗಳು ಬೀಳುತ್ತವೆ. ಹಗಲಲ್ಲಿ ಬರಿಗಣ್ಣಿಗೆ ಇವು ಕಾಣೋದೇ ಇಲ್ಲ. ಡಬ್ಬದ ನಿಜವಾದ ಲಾಭ ಅದೇ: ಕಾಣದ್ದನ್ನು ತಂದುಕೊಡುತ್ತದೆ.

ಮಲೆನಾಡಿನಲ್ಲಿ? ಮರಗಪ್ಪೆಯ ಬೆರಳ ತುದಿಯಲ್ಲಿ ಅಂಟುವ ಬಿಲ್ಲೆ ಇದೆ. ಡಬ್ಬದ ಗೋಡೆ ಅದಕ್ಕೆ ಯಾವ ಲೆಕ್ಕ. ದೊಡ್ಡ ಹಾವು ಬೇಲಿಯನ್ನೇ ದಾಟಿ ಹೋಗುತ್ತದೆ. ಸಾಲದ್ದಕ್ಕೆ ಮಳೆ. ಬೇಡ. ಮಾಡಲೇಬೇಕು ಅಂದರೆ ಜನವರಿ, ಫೆಬ್ರವರಿಯಲ್ಲಿ ಮಾಡಿ. ಆದರೆ ಆಗ ಕಪ್ಪೆಗಳೇ ಓಡಾಡೋದಿಲ್ಲ, ಅಲ್ವಾ?

ಎಲ್ಲಿ ಹೂತರೂ ಬೆಳಿಗ್ಗೆ ಸಂಜೆ ಎರಡು ಹೊತ್ತು ನೋಡಲೇಬೇಕು. ಯಾರಿಗೋ ಜ್ವರ, ಇನ್ಯಾರದೋ ಮದುವೆ ಅಂತ ಒಂದು ದಿನ ತಪ್ಪಿದರೆ ಪ್ರಾಣ ಹೋಗೋದು ಒಳಗಿದ್ದವರದ್ದು. ಹೋಗೋಕಾಗದ ದಿನ ಡಬ್ಬದ ಬಾಯಿಗೆ ಮುಚ್ಚಳ ಬಿಗಿದು ಹೋಗಿ.

ರಾತ್ರಿ ನಡಿಗೆ

ಒಂದೇ ವಿಧಾನ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಖರ್ಚು ಒಂದು ಹೆಡ್‌ಟಾರ್ಚ್, ಒಂದು ಜೊತೆ ಗಮ್‌ಬೂಟು. ಸಂಜೆ ಏಳರಿಂದ ಹತ್ತರವರೆಗೆ, ತೋಟದೊಳಗಿನ ಒಂದೇ ದಾರಿ, ಇಬ್ಬರು, ನಿಧಾನ. ನೂರು ಮೀಟರ್ ನಡೆಯಲು ಅರ್ಧ ಗಂಟೆ ಹಿಡಿದರೆ ಸರಿಯಾಗಿ ನಡೆದಿದ್ದೀರಿ ಅಂತ ಅರ್ಥ.

ಟಾರ್ಚ್ ಹಣೆಯ ಮೇಲೇ ಇರಲಿ, ಕೈಯಲ್ಲಿ ಬೇಡ. ಬೆಳಕು ಕಣ್ಣಿನ ಪಕ್ಕದಿಂದ ಹೋದರೆ ಮಾತ್ರ ಪ್ರಾಣಿಯ ಕಣ್ಣಿನಿಂದ ವಾಪಸ್ ಬರುವ ಮಿಣುಕು ನಿಮ್ಮ ಕಣ್ಣಿಗೆ ಬೀಳುತ್ತದೆ. ಜೇಡನ ಕಣ್ಣೂ ಹೊಳೆಯುತ್ತದೆ, ಹಸಿರಾಗಿ, ಸಣ್ಣ ಚುಕ್ಕಿಯ ಹಾಗೆ. ಮೊದಲ ವಾರ ನೀವು ಜೇಡಗಳನ್ನೇ ಹುಡುಕುತ್ತೀರಿ. ಆಮೇಲೆ ಅಭ್ಯಾಸವಾಗುತ್ತದೆ.

ನೋಡುವಾಗ ಮೂರು ಅಂತಸ್ತು ಇಟ್ಟುಕೊಳ್ಳಿ. ನೆಲದ ದರಗು. ಕಾಫಿ ಗಿಡದ ಎಲೆ, ಅಂದರೆ ಸೊಂಟದಿಂದ ತಲೆಯ ಎತ್ತರ. ಆಮೇಲೆ ನೆರಳಿನ ಮರದ ಕಾಂಡ. ಹೊಸಬರು ಬರೀ ನೆಲ ನೋಡಿಕೊಂಡು ನಡೆಯುತ್ತಾರೆ, ಹಾವಿನ ಭಯಕ್ಕೆ. ಆದರೆ ಪೊದೆಗಪ್ಪೆಗಳು ಕೂತಿರೋದು ಕಾಫಿ ಎಲೆಯ ಮೇಲೆ, ನಿಮ್ಮ ಎದೆಯ ಮಟ್ಟದಲ್ಲಿ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು. ಗುಳಿಮಂಡಲ ಅನ್ನೋ ವಿಷದ ಹಾವೂ ಅದೇ ಎತ್ತರದ ಕೊಂಬೆಯಲ್ಲಿ ಅಲ್ಲಾಡದೆ ಕಾಯುತ್ತಿರಬಹುದು. ಹಾಗಾಗಿ ಕೊಂಬೆ ಸರಿಸಲು ಕೈ ಬೇಡ, ಕೋಲು ಇರಲಿ. ಹಗಲಲ್ಲಿ ಮಿಂಚಿನ ಹಾಗೆ ಓಡುವ ಓತಿಕ್ಯಾತ ರಾತ್ರಿ ರೆಂಬೆ ತುದಿಯಲ್ಲಿ ಅಪ್ಪಿಕೊಂಡು ಮಲಗಿರುತ್ತದೆ, ಬಣ್ಣ ಬಿಳಿಚಿಕೊಂಡು. ಫೋಟೊ ತೆಗೆಯಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ.

ಹಳ್ಳದ ಪಕ್ಕ ಬಂದಾಗ ನೀರಿನ ಮೇಲೆ ಚಾಚಿದ ಎಲೆಗಳನ್ನು ನೋಡಿ. ಬಿಳಿ ನೊರೆಯ ಉಂಡೆ ಅಂಟಿದ್ದರೆ ಹಾರುವ ಕಪ್ಪೆಯದ್ದೋ ಅದರ ನೆಂಟರದ್ದೋ ಗೂಡು. ಎಲೆಯನ್ನು ಮಡಚಿ ಅಂಟಿಸಿ ಪೊಟ್ಟಣ ಕಟ್ಟಿದ್ದರೆ ಇನ್ನೊಂದು ಸಣ್ಣ ಜಾತಿಯ ಹಾರುವ ಕಪ್ಪೆ ಇರಬಹುದು. ಅದರ ಹೆಣ್ಣು ಒಂಟಿಯಾಗಿ, ಹಿಂಗಾಲಲ್ಲಿ ಎಲೆಯ ಎರಡು ಅಂಚು ಎಳೆದು ಕೂಡಿಸುತ್ತದೆ. ಕಪ್ಪೆ ಕಾಣದಿದ್ದರೂ ಗೂಡು ಲೆಕ್ಕಕ್ಕೆ ಬರುತ್ತದೆ, ಬರೆದುಕೊಳ್ಳಿ.

ಈಗ ಇದರ ಕುಂದು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಊರೊಂದರ ಹೆಸರು ಹೊತ್ತ ಕಪ್ಪೆಯನ್ನೇ ರಾತ್ರಿ ನಡಿಗೆ ತಪ್ಪಿಸಿಬಿಡಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ. ಆರ್. ನಾರಾಯಣರಾವ್ 1937ರಲ್ಲಿ ಪಶ್ಚಿಮ ಘಟ್ಟದ ಹಲವು ಕಪ್ಪೆಗಳನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಅದರಲ್ಲಿ ಒಂದು ಕೊಟ್ಟಿಗೆಹಾರದ್ದು. ಆಗ ಈ ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಇನ್ನೊಂದು ಹಾಸನ ಜಿಲ್ಲೆಯ ಕೆಂಪುಹೊಳೆಯದ್ದು. ಎರಡಕ್ಕೂ ಜಾಗದ ಹೆಸರನ್ನೇ ಇಟ್ಟರು. ಅವುಗಳ ಈಗಿನ ಪೂರ್ತಿ ಹೆಸರು: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್, ನಿಕ್ಟಿಬಟ್ರಾಕಸ್ ಕೆಂಪೊಲೆಯೆನ್ಸಿಸ್. ಮುಂದೆ 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವ್ ಅವರದೇ ಹೆಸರು ಸೇರಿಸಿ ರಾವೋರ್ಕೆಸ್ಟಿಸ್ ಅಂದರು.

ಕೊಟ್ಟಿಗೆಹಾರದ ಕಪ್ಪೆ ಕುಣಿಯುವ ಕಪ್ಪೆಗಳ ಗುಂಪಿಗೆ ಸೇರಿದ್ದು. ಈ ಗುಂಪು ಎಚ್ಚರ ಇರೋದು ಹಗಲಲ್ಲಿ. ಭೋರ್ಗರೆಯುವ ತೊರೆಯ ಕಲ್ಲಿನ ಮೇಲೆ ಕೂತು, ಗಂಡು ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಬೆರಳು ಬಿಡಿಸಿ, ಬಾವುಟ ಬೀಸಿದ ಹಾಗೆ ಬೀಸುತ್ತದೆ. ನೀರಿನ ಸದ್ದಿನಲ್ಲಿ ಕೂಗೊಂದೇ ಸಾಲದು, ಅದಕ್ಕೆ ಕಾಲಿನ ಸನ್ನೆಯೂ ಬೇಕು. ರಾತ್ರಿ ಎಂಟಕ್ಕೆ ಟಾರ್ಚ್ ಹಿಡಿದು ಹೋದರೆ ಈ ಕುಣಿತ ಎಲ್ಲಿ ಸಿಗುತ್ತದೆ? ತೊರೆ ಇರುವ ತೋಟವಾದರೆ ಒಂದು ಹಗಲು, ಹತ್ತರಿಂದ ಹನ್ನೆರಡರವರೆಗೆ, ಒಂದೇ ಕಲ್ಲಿನ ಮುಂದೆ ಸುಮ್ಮನೆ ಕೂರಿ. ಕೆಂಪುಹೊಳೆಯ ಕಪ್ಪೆ ಹಾಗಲ್ಲ. ಅದು ರಾತ್ರಿಗಪ್ಪೆಗಳ ಗುಂಪಿನದು, ಟಾರ್ಚಿಗೇ ಸಿಗಬೇಕು.

ಕಿವಿ

ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಸಂಜೆ ಒಂದೆರಡು ದನಿ ಶುರುವಾಗುತ್ತದೆ. ಮೃಗಶಿರ, ಆರಿದ್ರಾ ಹೊತ್ತಿಗೆ ಇಡೀ ತೋಟವೇ ಕೂಗುತ್ತದೆ. ಕಪ್ಪೆಗಳು ಜಾತಿಗೊಂದು ಕೂಗು ಇಟ್ಟುಕೊಂಡಿವೆ. ನೋಡಲು ಅಣ್ಣತಮ್ಮಂದಿರ ಹಾಗಿರುವ ಎರಡು ಪೊದೆಗಪ್ಪೆಗಳನ್ನು ಫೋಟೊದಲ್ಲಿ ಬೇರೆ ಮಾಡಲು ಒದ್ದಾಡಬೇಕು, ಕೂಗಿನಲ್ಲಿ ಚಣದಲ್ಲಿ ಗೊತ್ತಾಗುತ್ತದೆ.

ವಿಧಾನ ಸರಳ. ದಾರಿಯುದ್ದಕ್ಕೂ ಐದಾರು ಜಾಗ ಗುರುತು ಮಾಡಿ. ಒಂದೊಂದರಲ್ಲಿ ಎರಡು ನಿಮಿಷ ಸುಮ್ಮನಿದ್ದು, ಆಮೇಲೆ ಐದು ನಿಮಿಷ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಜಾತಿ ಗೊತ್ತಿಲ್ಲದಿದ್ದರೆ "ಕೂಗು 1, ಕೂಗು 2" ಅಂತ ಬರೆಯಿರಿ. ಹೆಸರು ಆಮೇಲೆ ಸಿಗುತ್ತದೆ. ರಾತ್ರಿಯಿಡೀ ತಾನೇ ರೆಕಾರ್ಡ್ ಮಾಡುವ ಆಡಿಯೊಮಾತ್‌ನಂಥ ಪುಟ್ಟ ಯಂತ್ರಗಳೂ ಇವೆ. ಮರಕ್ಕೆ ಕಟ್ಟಿ ಬಂದರೆ ಆಯಿತು. ಆದರೆ ಹತ್ತು ರಾತ್ರಿಯ ರೆಕಾರ್ಡಿಂಗ್ ಕೂತು ಕೇಳುವವರು ಯಾರು? ಆ ಪ್ರಶ್ನೆಗೆ ಉತ್ತರ ಇದ್ದರೆ ಮಾತ್ರ ಕೊಳ್ಳಿ.

ನಡಿಗೆಗಿಂತ ಇದು ಎಲ್ಲಿ ಮೇಲು? ಕೈಗೆಟುಕದ ಎತ್ತರದ ಕಪ್ಪೆಗಳಿಗೆ, ಮತ್ತು ನಡೆಯಲಾಗದ ಇಳಿಜಾರಿನಲ್ಲಿ. ಎಲ್ಲಿ ಸೋಲುತ್ತದೆ? ತೊರೆಯ ಪಕ್ಕ, ಜೋರು ಮಳೆಯಲ್ಲಿ. ಹೀಗೆ ಜೋರಾಗಿ ಕೂಗೋದು ಗಂಡು ಮಾತ್ರ, ಅದೂ ಮಿಲನದ ಕಾಲದಲ್ಲಿ. ಹಾಗಾಗಿ ಇದು ಗಂಡುಗಳ ಗಣತಿ. ಹಾವು, ಓತಿಗಳ ವಿಷಯದಲ್ಲಿ ಕಿವಿ ಏನೂ ಹೇಳುವುದಿಲ್ಲ.

ಕಡೂರಿನ ಕಡೆ ಕೇಳುವ ಕಾಲ ಇನ್ನೂ ಚಿಕ್ಕದು. ದೊಡ್ಡ ಮಳೆ ಬಿದ್ದು ಹೊಂಡ ತುಂಬಿದ ಮೊದಲ ರಾತ್ರಿಗಳಲ್ಲಿ ಹೋಗಬೇಕು. ಆಗ ಹಳದಿ ಬಣ್ಣ ತಳೆದ ದೊಡ್ಡ ಗಂಡು ಕಪ್ಪೆಗಳು ಬೆಳಿಗ್ಗೆವರೆಗೂ ಬಿಡುವುದಿಲ್ಲ. ವಾರ ಬಿಟ್ಟು ಹೋದರೆ ಉಳಿದಿರೋದು ಗೊದಮೊಟ್ಟೆ. ಬಲೆಯಲ್ಲಿ ಗೊದಮೊಟ್ಟೆ ಎತ್ತಿ ಎಣಿಸುವ ವಿಧಾನವೂ ಇದೆ. ಕೆರೆ, ಹೊಂಡಕ್ಕೆ ಸರಿ, ತೋಟದ ಪೊದೆಗಪ್ಪೆಗೆ ಅಲ್ಲ. ಅವುಗಳ ಮೊಟ್ಟೆಯೊಡೆದು ನೇರವಾಗಿ ಪುಟ್ಟ ಕಪ್ಪೆಯೇ ಬರುತ್ತದೆ, ಗೊದಮೊಟ್ಟೆಯ ಕಾಲವೇ ಇಲ್ಲ.

ಚೌಕ, ಹಲಗೆ, ರಸ್ತೆ

ಚೌಕ ಅಂದರೆ 5 ಮೀಟರ್ ಉದ್ದಗಲದ ಜಾಗಕ್ಕೆ ಹಗ್ಗ ಕಟ್ಟಿ, ನಾಲ್ಕು ಕಡೆಯಿಂದ ನಾಲ್ವರು ಒಳಮುಖವಾಗಿ ದರಗು ಸರಿಸುತ್ತಾ ಬರೋದು. ನೆಲದ ಸಣ್ಣ ಕಪ್ಪೆ, ಮರಿ ಹಾವುರಾಣಿಗಳಿಗೆ ಇದರಷ್ಟು ಖಚಿತ ಬೇರೆ ಇಲ್ಲ. ಜಾಗದ ಅಳತೆ ಗೊತ್ತಿರೋದರಿಂದ ಎರಡು ತೋಟವನ್ನು ಹೋಲಿಸಲೂ ಬಹುದು. ಒದ್ದೆ ಮಣ್ಣು ಸ್ವಲ್ಪ ಕೆದಕಿದರೆ ಎರೆಹುಳದಂಥ, ಆದರೆ ದವಡೆ, ಹಲ್ಲು ಇರುವ ಒಂದು ಜೀವಿ ಸಿಗಬಹುದು. ಅದು ಸಿಸೀಲಿಯನ್, ಕಪ್ಪೆಗಳ ಕಾಲಿಲ್ಲದ ಸಂಬಂಧಿ. ತೋಟದವರು ಹಾವಿನ ಮರಿ ಅಂತ ಹೊಡೆದುಹಾಕುತ್ತಾರೆ. ಪಾಪ, ವಿಷ ಕಕ್ಕಿ ಕಚ್ಚುವ ಪ್ರಾಣಿಯಲ್ಲ ಅದು. ಚೌಕದ ಕಷ್ಟ ಅಂದರೆ ನಾಲ್ಕು ಜನ, ನಾಲ್ಕು ಬಗ್ಗಿದ ಬೆನ್ನು. ಮುಗಿದ ಮೇಲೆ ದರಗು ವಾಪಸ್ ಹರಡಿ. ಇಲ್ಲದಿದ್ದರೆ ತೋಟದ ಯಜಮಾನರು ಮುಂದಿನ ಸಲ ಗೇಟು ತೆಗೆಯಲ್ಲ.

ಹಲಗೆ ಸೋಮಾರಿಗಳ ವಿಧಾನ, ನನಗೆ ಇಷ್ಟ. ಹಳೇ ಪ್ಲೈವುಡ್ ತುಂಡು, ತಗಡು, ಏನಾದರೂ ನೆಲದ ಮೇಲೆ ಹಾಕಿ ಒಂದು ತಿಂಗಳು ಮರೆತುಬಿಡಿ. ಆಮೇಲೆ ವಾರಕ್ಕೊಮ್ಮೆ ಎತ್ತಿ ನೋಡಿ. ಮಣ್ಣೊಳಗಿನ ಸಣ್ಣ ಹಾವುಗಳಿಗೆ ಚೆನ್ನಾಗಿದೆ. ಒಂದೇ ನಿಯಮ: ಆಚೆ ಅಂಚನ್ನು ಕೊಕ್ಕೆಯಿಂದ ನಿಮ್ಮ ಕಡೆಗೆ ಎತ್ತಿ. ಆಗ ಕೆಳಗೆ ಕೊಳಕುಮಂಡಲ ಮಲಗಿದ್ದರೂ ನಿಮಗೂ ಅದಕ್ಕೂ ನಡುವೆ ಹಲಗೆ ಇರುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ತಗಡು ಬೇಡ, ಅಡಿಯಲ್ಲಿ ಯಾರೂ ಇರೋದಿಲ್ಲ.

ರಸ್ತೆಯಲ್ಲಿ ರಾತ್ರಿ ನಿಧಾನ ಗಾಡಿ ಓಡಿಸುತ್ತಾ ಹಾವು ನೋಡೋದು ಮರಳುಗಾಡಿನ ಖಾಲಿ ರಸ್ತೆಗೆ ಹೇಳಿ ಮಾಡಿಸಿದ್ದು. ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ಆ ಹುಚ್ಚು ಬೇಡ. ತಿರುವಿನಲ್ಲಿ ಹಿಂದಿನಿಂದ ಲಾರಿ ಬರುತ್ತದೆ. ತೋಟದೊಳಗಿನ ಮಣ್ಣು ರಸ್ತೆಯಲ್ಲಿ ನಡೆದೇ ನೋಡಿ. ಹೆದ್ದಾರಿಯಲ್ಲಿ ಚಕ್ರಕ್ಕೆ ಸಿಕ್ಕು ಸತ್ತವುಗಳ ಫೋಟೊ, ಜಾಗ, ದಿನಾಂಕ ಬರೆದಿಟ್ಟರೆ ಅದೂ ಒಂದು ದಾಖಲೆ.

ಯಾರಿಗೆ ಯಾವುದು

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ತೋಟ ಇದೆ, ಇಬ್ಬರೇ ಇದ್ದೀರಿ: ಜೂನ್‌ನಲ್ಲಿ ರಾತ್ರಿ ನಡಿಗೆ, ಜೊತೆಗೆ ಕಿವಿ. ಎರಡನ್ನೂ ಒಂದೇ ಸುತ್ತಿನಲ್ಲಿ ಮಾಡಬಹುದು. ತೊರೆ ಇದ್ದರೆ ಒಂದು ಹಗಲು ಸೇರಿಸಿ. ಕಾಲೇಜಿನ ಹುಡುಗರು ಹತ್ತು ಜನ ಸಿಕ್ಕಿದರು ಅಂದರೆ ಚೌಕ ಹಾಕಿಸಿ. ಹತ್ತು ಟಾರ್ಚ್ ಒಟ್ಟಿಗೆ ರಾತ್ರಿ ಹೊರಟರೆ ಅದು ಸರ್ವೆಯಲ್ಲ, ಜಾತ್ರೆ.

ಅರಸೀಕೆರೆ, ಕಡೂರಿನ ಕಾವಲು, ಕಲ್ಲುಗುಡ್ಡ: ಬೆಳಿಗ್ಗೆ ಎಂಟರಿಂದ ಹತ್ತೂವರೆ ನಡಿಗೆ. ಬಿಸಿಲು ಕಾಯಲು ಕಲ್ಲಿನ ಮೇಲೆ ಬಂದ ಓತಿಗಳು ಆಗಲೇ ಕಾಣೋದು. ಬೇಸಿಗೆಯಲ್ಲಿ ಗಂಟಲ ಚೀಲವನ್ನು ಬೀಸಣಿಗೆಯ ಹಾಗೆ ಬಿಚ್ಚಿ ಮುಚ್ಚುವ ಪುಟ್ಟ ಓತಿಯ ಗಂಡುಗಳು ಸಣ್ಣ ಕಲ್ಲು ಹತ್ತಿ ನಿಂತಿರುತ್ತವೆ. ಅನುಭವ ಇದ್ದವರು ಜೊತೆಗಿದ್ದು, ಅನುಮತಿಯೂ ಇದ್ದರೆ ಡಬ್ಬ. ಮೊದಲ ಮಳೆಗೆ ಒಂದು ರಾತ್ರಿ ಹೊಂಡದ ಪಕ್ಕ.

ಅನುಮತಿ ಅಂದೆ. ಭದ್ರಾ, ಕುದುರೆಮುಖದಂಥ ರಕ್ಷಿತ ಕಾಡಿನೊಳಗೆ ಯಾವ ವಿಧಾನಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕೇ ಬೇಕು. ತೋಟ ನಿಮ್ಮದೇ ಆದರೂ ಉಡ, ಹೆಬ್ಬಾವು, ನಕ್ಷತ್ರ ಆಮೆಯಂಥ ರಕ್ಷಿತ ಪ್ರಾಣಿಗಳನ್ನು ಹಿಡಿಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ಡಬ್ಬಗಳೂ ಅನುಮತಿ ಇದ್ದ ಒಬ್ಬ ಸಂಶೋಧಕರ ಕೆಲಸದ್ದು. ನೋಡಿ, ಕೇಳಿ, ಫೋಟೊ ತೆಗೆಯೋದಕ್ಕೆ ಮುಟ್ಟಬೇಕಾಗಿಲ್ಲ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕಾಲ್ಬೆರಳು ಕಾಣುವ ಹಾಗೆ ಒಂದು, ಮೂರು ಫೋಟೊ ಸಾಕು.

ಹಾವು ಕಚ್ಚಿದರೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವಿಗೆ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮಲೆನಾಡಿನ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಯಾವುದೇ ಹಾವು ಕಚ್ಚಿದರೂ ಕಟ್ಟು ಬಿಗಿಯೋದು, ಕೊಯ್ಯೋದು ಬೇಡ, ನೇರ ಆಸ್ಪತ್ರೆ. ಹೊರಡುವ ಮೊದಲೇ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ ಅಂತ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಇನ್ನು ಇಂಬಳ. ಕಾಲಿಗೆ ಹೊಗೆಸೊಪ್ಪಿನ ನೀರೋ, ಸುಣ್ಣವೋ, ಸೊಳ್ಳೆ ಮುಲಾಮೋ ಹಚ್ಚಿಕೊಂಡೇ ಹೊರಡುತ್ತೇವೆ. ಅದೇ ಕೈಯಲ್ಲಿ ಕಪ್ಪೆ ಮುಟ್ಟಿದರೆ ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ದಾರಿಯಿಂದ ಎತ್ತಿ ಪಕ್ಕಕ್ಕೆ ಬಿಡಬೇಕಾಗಿ ಬಂದರೆ ಒದ್ದೆ ಎಲೆಯಲ್ಲಿ ಎತ್ತಿ. ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವಾಗ ಬೂಟಿನ ಮಣ್ಣು ಬ್ರಷ್‌ನಿಂದ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ. ಕಪ್ಪೆಗಳ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ ಒದ್ದೆ ಮಣ್ಣಿನ ಜೊತೆಯೇ ಪಯಣ ಮಾಡುತ್ತದೆ. ಮಳೆಗಾಲದಲ್ಲಿ ಬೂಟು ಒಣಗೋದಿಲ್ಲ ಅನ್ನೋರು ಎರಡು ಜೊತೆ ಇಟ್ಟುಕೊಳ್ಳಿ. ನಾನು ಒಂದನ್ನು ಒಲೆಯ ಪಕ್ಕ ಇಡುತ್ತೇನೆ, ಮನೆಯಲ್ಲಿ ಬೈಸಿಕೊಳ್ಳುತ್ತೇನೆ.